ಓರೆ ಎಂದು ಕೂಗಿದ ನರಿ

ಒಂದು ಕಾಡಿನ ನಡುವೆ ಸೆಳವಿನ ಹೊಳೆ ಹರಿಯುತ್ತಿತ್ತು. ಅಲ್ಲಿ ನೀಲವ್ವ ಎಂಬ ನೀರುನಾಯಿ ಬಿದಿರಿನ ತೆಪ್ಪ ನಡೆಸುತ್ತಿದ್ದಳು. ಹಣ್ಣು ಹುಡುಕಿ ಮೇಲಿನ ಕಾಡಿಗೆ ಹೋದ ಪ್ರಾಣಿಗಳೆಲ್ಲ ಸಂಜೆ ಗಂಟುಮೂಟೆ ಸಮೇತ ಅವಳ ತೆಪ್ಪದಲ್ಲೇ ಮನೆಗೆ ಮರಳುತ್ತಿದ್ದವು.

ನೀಲವ್ವ ಹಿಂದೆ ಕೂತು ಹುಟ್ಟು ಹಾಕುತ್ತಿದ್ದಳು. ನಡುವೆ ಕರಡಿಯಂಥ ದೊಡ್ಡ ಮೈಯವರು ಕೂತರೆ ಅವಳಿಗೆ ಮುಂದೇನಿದೆಯೆಂದು ಕಾಣುತ್ತಿರಲಿಲ್ಲ. ಅದಕ್ಕೇ ತೆಪ್ಪದ ಮೂತಿಯಲ್ಲಿ ಒಬ್ಬ ಕಾವಲುಗಾರ ಬೇಕಿತ್ತು. ಅವನು "ಓರೆ!" ಎಂದು ಕೂಗಿದ ಕೂಡಲೇ ನೀಲವ್ವ ಹುಟ್ಟು ಒತ್ತಿ ತೆಪ್ಪವನ್ನು ನೇರ ಮಾಡುತ್ತಿದ್ದಳು. ಉಳಿದವರು ಗಂಟು ಬಿಟ್ಟು, ಬಿದಿರು ಹಿಡಿದು, ತಲೆ ತಗ್ಗಿಸಿ ಮಲಗಬೇಕಿತ್ತು.

ಆ ವರ್ಷ ಕಾವಲಿಗೆ ನರಿ ಕೆಂಚಪ್ಪ ಬಂದ.

"ನೋಡು ಕೆಂಚಪ್ಪ, ತೆಪ್ಪ ಕುಲುಕಿದರೆ ಓರೆಯಲ್ಲ. ಇಡೀ ತೆಪ್ಪ ಪಕ್ಕಕ್ಕೆ ಸರಿದರೂ ಓರೆಯಲ್ಲ. ನಾವು ಹೋಗೋದು ಒಂದು ಕಡೆ, ತೆಪ್ಪದ ಮೂತಿ ತಿರುಗೋದು ಇನ್ನೊಂದು ಕಡೆ ಆದರೆ ಮಾತ್ರ ಓರೆ. ಎಡವೋ ಬಲವೋ ಅಂತಲೂ ಹೇಳಬೇಕು," ಎಂದಳು ನೀಲವ್ವ.

"ಇಷ್ಟೇನಾ ಅಕ್ಕಾ? ಇದೇನು ಬ್ರಹ್ಮವಿದ್ಯೆಯಾ!" ಎಂದು ಅವನು ನಕ್ಕ.

ಅವನ ಕಣ್ಣು ಹೊಳೆಯ ಮೇಲಿರಲಿಲ್ಲ, ಗಂಟುಗಳ ಮೇಲಿತ್ತು. ಒಂದು ಕೂಗು ಹಾಕಿದರೆ ಸಾಕು, ಎಲ್ಲರ ತಲೆಯೂ ಕೆಳಗೆ! ಮೊದಲ ಸಂಜೆಯೇ, ಹೊಳೆ ತಣ್ಣಗೆ ಹರಿಯುತ್ತಿದ್ದಾಗ, "ಎಡ ಓರೆ!" ಎಂದು ಕೂಗಿ ಮೊಲದ ಗಂಟಿನಿಂದ ಬೋರೆಹಣ್ಣು ಗುಳುಂ ಮಾಡಿದ. ನೀಲವ್ವ ಹುಟ್ಟು ಒತ್ತಿದಳು. ತೆಪ್ಪ ಸ್ವಲ್ಪ ವಾಲಾಡಿತು. ಮೂತಿ ತಿರುಗಿದ್ದು ತನ್ನ ಕೈಗೆ ತಿಳಿಯಲೇ ಇಲ್ಲವಲ್ಲ ಎಂದು ಅವಳಿಗೆ ಅನುಮಾನ ಬಂತು. ಆದರೆ ಮುಂದೆ ಕೂತವನ ಕಣ್ಣನ್ನು ನಂಬದೆ ತೆಪ್ಪ ನಡೆಸುವುದಾದರೂ ಹೇಗೆ? ಅವಳು ಮತ್ತೆ ಹುಟ್ಟು ಹಾಕತೊಡಗಿದಳು.

ಮರುದಿನ ಮೊಲ ತನ್ನ ಎಳೆಮರಿಗಳನ್ನೂ ಕರೆತಂದಿತ್ತು. ಕರಡಿ ಹಲಸಿನ ತೊಳೆ ಕಟ್ಟಿ ತಂದಿತ್ತು. ಆ ಘಮಕ್ಕೆ ಕೆಂಚಪ್ಪನಿಗೆ ತಡೆಯಲಾಗಲಿಲ್ಲ. ತೆಪ್ಪ ಬಂಡೆಗಳ ಸಂದಿನಲ್ಲಿ ನೆಟ್ಟಗೆ ಸಾಗುತ್ತಿದ್ದಾಗಲೇ "ಬಲ ಓರೆ!" ಎಂದು ಅರಚಿದ.

ಎಲ್ಲರೂ ಮಲಗಿದರು. ನೀಲವ್ವನಿಗೆ ನಿನ್ನೆಯ ಅನುಮಾನ ಮರಳಿತು. ಇದೂ ಸುಳ್ಳಾಗಿದ್ದರೆ? ನಿಜವೇ ಆಗಿದ್ದರೆ? ತೆಪ್ಪದಲ್ಲಿ ಮರಿಗಳಿವೆ, ಯೋಚಿಸಲು ಹೊತ್ತಿಲ್ಲ. ಮೂತಿ ಎಡಕ್ಕೆ ಬರಲೆಂದು ಬಲವಾಗಿ ಹುಟ್ಟು ಒತ್ತಿದಳು.

ನೆಟ್ಟಗಿದ್ದ ತೆಪ್ಪ ಆಗ ನಿಜವಾಗಿಯೂ ಓರೆಯಾಯಿತು! ಗರ್ರನೆ ಅಡ್ಡ ತಿರುಗಿ ಬಂಡೆಗೆ ತಾಗಿತು. ಮಲಗಿದ್ದವರೆಲ್ಲ ಬಿದಿರು ಹಿಡಿದು ಉಳಿದರು. ನಿಂತಿದ್ದವನು ಕೆಂಚಪ್ಪ ಒಬ್ಬನೇ. ದುಡುಮ್ಮನೆ ನೀರಿಗೆ ಬಿದ್ದ. ಕಾಪಾಡಿ ಎಂದು ಕೂಗೋಣವೆಂದರೆ ಬಾಯಿ ತುಂಬ ಹಲಸಿನ ತೊಳೆ!

ನೀಲವ್ವ ಹೇಗೋ ತೆಪ್ಪವನ್ನು ದಡಕ್ಕೆ ತಂದಳು. ಆಮೇಲೆ ಹುಟ್ಟು ಚಾಚಿ ಅವನನ್ನೂ ಎಳೆದು ಹಾಕಿದಳು. ಕೆಮ್ಮಿದಾಗ ತೊಳೆ ಹೊರಗೆ ಬಿತ್ತು. ಯಾರೂ ಏನೂ ಕೇಳಬೇಕಾಗಲಿಲ್ಲ.

"ತಪ್ಪಾಯಿತು ಅಕ್ಕಾ, ಬರೀ ಒಂದು ತೊಳೆ..."

"ತೊಳೆ ಹಾಳಾಗಲಿ! ಹಸಿವು ಅಂದಿದ್ದರೆ ಕರಡಿಯಣ್ಣನೇ ಕೊಡುತ್ತಿದ್ದ. ನಿನ್ನ ಮಾತು ನಂಬಿ ಈ ಮಕ್ಕಳನ್ನು ನನ್ನ ಕೈಯಾರೆ ಕೊಲ್ಲುತ್ತಿದ್ದೆನಲ್ಲೋ!" ಎಂದಳು ನೀಲವ್ವ.

ಮೂತಿಯಲ್ಲಿ ಮೊಲ ಕೂತಿತು. ತೆಪ್ಪ ಮತ್ತೆ ಹೊರಟಿತು. ಕೆಂಚಪ್ಪ ಒದ್ದೆ ಮೈಯಲ್ಲಿ ಮುಳ್ಳಿನ ಕಾಡುದಾರಿ ಹಿಡಿದ. ಅವನನ್ನೂ ಹತ್ತಿಸಿಕೊಳ್ಳೋಣ ಎಂದು ಯಾರೂ ಹೇಳಲಿಲ್ಲ.

ನೀತಿ: ಎಲ್ಲರನ್ನೂ ಕಾಯುವ ಎಚ್ಚರಿಕೆಯ ಮಾತನ್ನು ಸ್ವಾರ್ಥಕ್ಕೆ ಬಳಸಿದರೆ, ಇಲ್ಲದ ಅಪಾಯವನ್ನು ನಾವೇ ತಂದುಕೊಳ್ಳುತ್ತೇವೆ.