ಗಡಿಯಾಚೆಗೆ ಅಕ್ಷರ ಹೊಸೆದ ಗುರುಪಾದ

ಬಹಳ ಕಾಲದ ಹಿಂದೆ ಎರಡು ಸೀಮೆಗಳ ಗಡಿಯ ಮೇಲೆ ಒಂದು ಊರಿತ್ತಂತೆ. ಮನೆ ಈ ಸೀಮೆಯಲ್ಲಿ, ಹಿತ್ತಲು ಆ ಸೀಮೆಯಲ್ಲಿ. ಕೋಳಿ ಇಲ್ಲಿ ಕಾಳು ತಿಂದು ಅಲ್ಲಿ ಮೊಟ್ಟೆ ಇಡುತ್ತಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ಊರಿಗೆ ಮೊಬೈಲು ಬಂದಿತ್ತು, ಅದರೊಳಗೆ ನಮ್ಮ ಅಕ್ಷರ ಇನ್ನೂ ಪೂರ್ತಿ ಬಂದಿರಲಿಲ್ಲ, ಅಷ್ಟು ಹಿಂದೆ.

ಆ ಊರಲ್ಲಿ ಗುರುಪಾದ ಎಂಬ ನೇಕಾರನಿದ್ದ. ಅವನ ಸೀರೆಯ ಮೇಲೆ ಇರುವೆ ಬಿಟ್ಟರೆ ಕಾಲೂರಲು ಒಂದು ತಪ್ಪು ಎಳೆ ಸಿಗದೆ ಜಾರಿ ಬೀಳುತ್ತಿತ್ತಂತೆ. ಇರುವೆ ಬಿಟ್ಟು ನೋಡಿದವರು ಯಾರೋ ಗೊತ್ತಿಲ್ಲ. ಎಳೆ ತಪ್ಪಿದ್ದರೆ ಸೀರೆಯನ್ನು ಮಗ್ಗದಿಂದ ಇಳಿಸುತ್ತಿರಲಿಲ್ಲ ಎಂಬುದು ಮಾತ್ರ ಖರೆ.

ಅವನ ಅಕ್ಕ ನಿಂಬೆವ್ವನನ್ನು ಸಣ್ಣವಳಿದ್ದಾಗಲೇ ಗಡಿಯಾಚೆಯ ದೂರದ ಪಟ್ಟಣಕ್ಕೆ ಕೊಟ್ಟಿದ್ದರು. ಓದು ಕಲಿತದ್ದು ಅಲ್ಲಿ, ಮರಾಠಿ ಅಕ್ಷರದಲ್ಲಿ. ದುಡಿದದ್ದು ಪವರ್‌ಲೂಮಿನಲ್ಲಿ. ಅದರ ಸದ್ದು ಅವಳ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಫೋನು ಮಾಡಿದರೆ ಕೇಳದು. ಗುರುಪಾದ ಕನ್ನಡ ಅಕ್ಷರದಲ್ಲಿ ಬರೆದರೆ ಓದಲಾಗದು. ಇಬ್ಬರ ಮಾತೂ ಒಂದೇ, ಅಕ್ಷರ ಬೇರೆ.

ಹೀಗಿರುವಾಗ ಅವ್ವ ಹಾಸಿಗೆ ಹಿಡಿದಳು. ಅವಳದು ಒಂದೇ ಮಾತು, ನಿಂಬಿಗೆ ಬಾ ಅಂತ ಬರೆ ಎಂದು. ಅವ್ವನನ್ನು ಬಿಟ್ಟು ಹೋಗುವಂತಿರಲಿಲ್ಲ. ಗುರುಪಾದ ಎದುರಿನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತ. ಅವನಿಗೆ ದೇವಿ ಕನಸಿನಲ್ಲಿ ಬಂದು ಅದರ ವಿದ್ಯೆ ಕಲಿಸಿದಳು ಎನ್ನುತ್ತಾರೆ. ಅಂಗಡಿಯವನ ಮನೆಯವರು ಮಾತ್ರ ಅಂಗಡಿಯವನೇ ಕಲಿಸಿದ ಎನ್ನುತ್ತಾರೆ. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ ಹಳೆ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆ ಹಚ್ಚಿ ಹೊಸೆಯುತ್ತಾರಲ್ಲ, ಹಾಗೆ ಈಚೆಯ ಅಕ್ಷರಕ್ಕೆ ಆಚೆಯ ಅಕ್ಷರ ಹೊಸೆಯತೊಡಗಿದ. ಇಲ್ಲಿ ಕನ್ನಡದಲ್ಲಿ ಒತ್ತಿದರೆ ಅದೇ ಮಾತು ಮರಾಠಿ ಅಕ್ಷರದಲ್ಲಿ ಮೂಡಬೇಕು, ಆಚೆಯದು ಈಚೆಗೂ ಬರಬೇಕು.

"ಬರದ್ಯೇನಪಾ?" ಎಂದು ಅವ್ವ ದಿನಾ ಕೇಳುತ್ತಿದ್ದಳಂತೆ.

"ಇನ್ನೊಂದೀಟ ಐತಿ ಬೇ. ಒತ್ತಕ್ಷರ ಬಂದಲ್ಲೆ ಎಳಿ ಹರೀತೈತಿ."

"ನಿನ್ನ ಎಳಿ ಸುಡ್ಲಿ. ಸಾಲಿ ಮಾಸ್ತರಗ ಎರಡೂ ಅಕ್ಷರ ಬರತಾವ, ಅವರ ಕೈಲೆ ಬರಸು."

"ಮನಿ ಮಾತು ಮಂದಿ ಕೈಲೆ ಯಾಕ? ನಾನ ಚಂದಂಗ ಬರೀತೀನಿ."

"ಅಕಿನ್ನ ಕರೀತಿಯೋ, ಅಕಿಗೆ ಸೀರಿ ನೇಯ್ತಿಯೋ?"

'ಬಾ' ಎನ್ನುವುದು ಆಗಲೇ ಸರಿಯಾಗಿ ಮೂಡುತ್ತಿತ್ತಂತೆ. ಅದೊಂದನ್ನೇ ಕಳಿಸಿದ್ದರೆ ಸಾಕಿತ್ತು. ಆದರೆ ಗುರುಪಾದನಿಗೆ ಅದು ಅರ್ಧ ನೇಯ್ದ ಸೀರೆ. ಇಳಿಸಲು ಕೈ ಬರಲಿಲ್ಲ.

ಕಡೆಗೊಂದು ಮಧ್ಯಾಹ್ನ ಎಲ್ಲ ಎಳೆಯೂ ಕೂಡಿತು. ಹೇಳಲು ಮನೆಗೆ ಓಡಿದ. ಹೊಸ್ತಿಲು ದಾಟುವ ಮೊದಲೇ ನೆರೆಯ ಹೆಂಗಸರು ಹಾಡಿಕೊಂಡು ಅಳುವುದು ಕೇಳಿಸಿತು. ತಿರುಗಿ ಅಂಗಡಿಗೆ ಹೋಗಿ ಅಕ್ಕನ ಫೋನಿಗೆ ಅವ್ವ ಹೋದಳೆಂದು ಬರೆದ. ಅವನ ಅಕ್ಷರ ಗಡಿ ದಾಟಿದ್ದು ಅದೇ ಮೊದಲು. ಅದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲವಂತೆ.

ನಿಂಬೆವ್ವ ಬರುವಷ್ಟರಲ್ಲಿ ಅವ್ವನ ಮಣ್ಣಾಗಿತ್ತು. ತನ್ನ ದನಿ ತನಗೇ ಕೇಳದವಳು, ಊರೆಲ್ಲ ಕೇಳುವಷ್ಟು ಗಟ್ಟಿಯಾಗಿ ಅವ್ವನನ್ನು ಹಾಡಿ ಅತ್ತಳು. ಆಮೇಲೆ ತಮ್ಮನ ಕೈಗೆ ಫೋನು ಕೊಟ್ಟು, ಅವ್ವ ಏನಾದರೂ ಅಂದಳೇನು ಎಂದು ಕೇಳಿದಳು.

ಅವನು ಒತ್ತಿದ. ನಿನಗೆ ಬಾ ಅಂದಳು.

ಯಾವಾಗ ಎಂದು ಕೇಳಿದಳು.

ಗುರುಪಾದ ಫೋನನ್ನು ತಿರುಗಿ ಅವಳ ಕೈಗಿಟ್ಟು ಎದ್ದು ಮಗ್ಗದ ಕಡೆ ಹೋದ.

ಅವಳು ಹೋದ ಮೇಲೆ ಅವನು ತಾನು ಕಂಪ್ಯೂಟರಿನಲ್ಲಿ ಕಟ್ಟಿದ್ದನ್ನೆಲ್ಲ, ಒಳಗಿನ ಗಂಟು ಕಾಣುವ ಹಾಗೆ, ಊರಿಗೇ ಬಿಟ್ಟುಕೊಟ್ಟ. ಬೇಕಾದವರು ತಗೊಳ್ಳಿ, ಹರಿದಲ್ಲಿ ನೀವೇ ಹೊಸೆಯಿರಿ, ಮುಗಿಯಲಿ ಅಂತ ಕಾಯಬೇಡಿ ಎಂದನಂತೆ. ಯಾರೋ ತೆಲುಗು ಹೊಸೆದರು, ಯಾರೋ ಉರ್ದು ಹೊಸೆದರು. ಗಿಳಿಗಳ ಮಾತಿಗೂ ಹೊಸೆದರಂತೆ. ಅದನ್ನು ಮಾತ್ರ ನಂಬಬೇಡಿ, ಅದು ನಾನು ಸೇರಿಸಿದ್ದು. ಗುರುಪಾದ ಎಂದೂ ಅದರ ಮೇಲೆ ತನ್ನ ಹೆಸರು ಹಾಕಲಿಲ್ಲ.

ಈಗಲೂ ಆ ಗಡಿಯ ಊರುಗಳಲ್ಲಿ ಹಿರಿಯರ ಮೈ ನೆಟ್ಟಗಿಲ್ಲವೆಂದರೆ ದೂರದವರಿಗೆ ಮೊದಲು 'ಬಾ' ಅಂತ ಅಷ್ಟೇ ಕಳಿಸುತ್ತಾರೆ. ಯಾರು, ಏನು ಎಂಬುದೆಲ್ಲ ಆಮೇಲೆ. ಅದು ಬಂದ ಮನೆಯಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ಒಲೆಯ ಮೇಲಿನದನ್ನು ಇಳಿಸಿ ಬಸ್ಸು ಹಿಡಿಯುತ್ತಾರೆ.