ನಾಗಭೂಷಣಯ್ಯನವರ ಪೆಟ್ಟಿಗೆಯಲ್ಲಿ ಉಳಿದ ಜೋಗುಳ

ಕೋಟೆ ಬೀದಿಯಲ್ಲಿ ನಮ್ಮದು ಐದು ತಲೆಮಾರಿನ ಮನೆ. ಊರಿಗೆ ವಾಚನಾಲಯ ಕಟ್ಟಿಸಿಕೊಟ್ಟವರು ನಮ್ಮ ಮಾವನವರ ಅಜ್ಜ. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳು. ಕೇಳಿದ್ದನ್ನು ಕೇಳಿದಂತೆಯೇ ಹೇಳುತ್ತೇನೆ. ಮಕ್ಕಳೇ, ನೆಟ್ಟಗೆ ಕೂತು ಕೇಳಿ.

ಬಹಳ ಹಿಂದೆ, ನಾನಿನ್ನೂ ಈ ಮನೆಗೆ ಸೊಸೆಯಾಗಿ ಬಾರದಿದ್ದಾಗ, ಫೋನು ಗೋಡೆ ಬಿಟ್ಟು ಕದಲದಿದ್ದ ಕಾಲದಲ್ಲಿ, ಈ ಬೀದಿಯಲ್ಲಿ ನಾಗಭೂಷಣಯ್ಯ ಎಂಬುವರಿದ್ದರು. ಬೀದಿಯ ಮೊದಲ ಕಂಪ್ಯೂಟರು ಬಂದದ್ದು ಅವರ ಮನೆಗೆ. ಕ್ಯಾಸೆಟ್ಟಿನ ಹಾಡನ್ನು ಅದರೊಳಗೆ ಇಳಿಸಿ, ಎಂಪಿತ್ರೀ ಎಂಬ ಫೈಲು ಮಾಡಿ, ಕ್ಯಾಸೆಟ್ಟಿಲ್ಲದೆಯೇ ಮತ್ತೆ ಹಾಡಿಸುತ್ತಿದ್ದರಂತೆ. ಆಗ ಪರದೆಯ ಮೇಲೆ ಬಣ್ಣದ ಅಲೆಗಳು ಕುಣಿಯುತ್ತಿದ್ದವಂತೆ. ಮುದುಕಿಯರು ಚಪ್ಪಲಿ ಬಿಟ್ಟು ಒಳಗೆ ಬಂದು, "ನನ್ನ ಹಾಡು ಯಾವ ಬಣ್ಣದ್ದು, ನೋಡಿ ಹೇಳಪ್ಪ" ಎನ್ನುತ್ತಿದ್ದರಂತೆ. ಒಂದು ಹಾಡು ಇಳಿಯಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರಂತೆ. ಪೆಟ್ಟಿಗೆ ಬಿಸಿಯಾದರೆ ಅವರು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರಂತೆ. ಬೀಸಣಿಗೆಯನ್ನು ನಾನೇ ಕಂಡಿದ್ದೇನೆ.

ಒಂದು ದಿನ ಎದುರುಮನೆಯ ರುದ್ರಾಣಿ ಒಂದು ಕ್ಯಾಸೆಟ್ಟು ತಂದಳು. ತೀರಿಕೊಂಡ ಅವಳ ತಾಯಿ ಹಾಡಿದ ಜೋಗುಳ ಅದರಲ್ಲಿತ್ತು. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ತನ್ನ ಮಗುವಿನ ನಾಮಕರಣಕ್ಕೆ ಅಜ್ಜಿಯೇ ಹಾಡಬೇಕೆಂದು ಅವಳ ಆಸೆ. ಆದರೆ ಟೇಪು ಬೂಷ್ಟು ಹಿಡಿದು ಸವೆದಿತ್ತು. ಇನ್ನೊಂದು ಸಲ ಓಡಿದರೆ ಹೆಚ್ಚು, ಆಮೇಲೆ ಹರಿಯುತ್ತದೆ ಎಂದರು ನಾಗಭೂಷಣಯ್ಯ. ಕಂಪ್ಯೂಟರನ್ನೂ ಟೇಪ್ ರೆಕಾರ್ಡರನ್ನೂ ಜೋಡಿಸುವ ವೈರು ಅವರಲ್ಲಿರಲಿಲ್ಲ. ಎದುರಿಗೆ ಮೈಕು ಇಟ್ಟೇ ಹಾಡು ಹಿಡಿಯಬೇಕು, ಸುತ್ತಲಿನ ಸದ್ದೂ ಜೊತೆಗೆ ಸೇರುತ್ತದೆ. ಆದ್ದರಿಂದ ಯಾರೂ ಉಸಿರೆತ್ತಬಾರದೆಂದು ಬೀದಿಗೆಲ್ಲ ಹೇಳಿಕಳಿಸಿದರು.

ಬೀದಿಯೇ ಬಾಯಿ ಕಟ್ಟಿಕೊಂಡಿತಂತೆ. ಸೊಪ್ಪಿನವಳು ಕೈಸನ್ನೆಯಲ್ಲೇ ಚೌಕಾಶಿ ಮಾಡಿದಳಂತೆ. ಹಾಲಿನವನು ಸೈಕಲ್ಲನ್ನು ಹೊತ್ತುಕೊಂಡೇ ಹೋದನಂತೆ. ಕಾಗೆಗಳೂ ಸುಮ್ಮನಿದ್ದವಂತೆ. ಜೋಗುಳ ಶುರುವಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಯಾರ ಮನೆಯದೋ ಕುಕ್ಕರು ಕೂಗಿಬಿಟ್ಟಿತು.

ಜೋಗುಳ ಮುಗಿಯಿತು, ಟೇಪು ಹರಿಯಿತು. ರುದ್ರಾಣಿ ಮುಖ ಮುಚ್ಚಿಕೊಂಡಳು. ನಾಗಭೂಷಣಯ್ಯ ಪೆಟ್ಟಿಗೆಯಿಂದ ಹಾಡಿಸಿ ನೋಡಿದರು. ಕೂಗೂ ಅದರಲ್ಲಿತ್ತು.

"ಕೇಳವ್ವ," ಅಂದರಂತೆ, "ನಿಮ್ಮಮ್ಮ ಅಡುಗೆಮನೇಲಿ ನಿಂತು ಹಾಡ್ತಿರೋ ಹಾಗಿದೆ."

ರುದ್ರಾಣಿ ಇನ್ನೊಮ್ಮೆ ಕೇಳಿದಳು. "ಹೌದಣ್ಣ. ಈಗ ಒಲೆ ಸಣ್ಣ ಮಾಡೇ ಅಂತ ನನ್ನನ್ನ ಬೈಯೋದೊಂದು ಬಾಕಿ," ಎಂದು ನಕ್ಕಳಂತೆ. ನಾಮಕರಣದ ದಿನ, ಅಳುತ್ತಿದ್ದ ಮಗುವೂ ಆ ಕೂಗು ಕೇಳಿ ನಕ್ಕಿತಂತೆ.

ಇಂದಿಗೂ ನಮ್ಮ ಬೀದಿಯಲ್ಲಿ ತೊಟ್ಟಿಲು ತೂಗುವಾಗ, ಜೋಗುಳದ ನಡುವೆ ಹಿರಿಯ ಹೆಂಗಸೊಬ್ಬಳು ಕುಕ್ಕರಿನಂತೆ ಕೂಗುತ್ತಾಳೆ. ಎಲ್ಲರೂ ನಾಗಭೂಷಣಯ್ಯನವರನ್ನು ನೆನೆದು ನಗುತ್ತಾರೆ. ಹಾಗೆ ಕೂಗುವ ಗೌರವ ಆ ಕುಕ್ಕರಿನ ಮನೆಯವರಿಗೆ ಸೇರಿದ್ದು. ಅಂದು ಅದು ತಮ್ಮದೆಂದು ಯಾವ ಮನೆಯವರೂ ಬಾಯಿಬಿಡಲಿಲ್ಲ. ಈಗ ಎಲ್ಲರಿಗೂ ಬೇಕು. ಹೋದ ವಾರದ ನಾಮಕರಣದಲ್ಲಿ ಬಾವಿಕಟ್ಟೆಯ ವಿಶಾಲಾಕ್ಷಿ, ಕೂಗಲು ಎದ್ದ ನನ್ನನ್ನು ತಡೆದು, ಕುಕ್ಕರು ತಮ್ಮ ಮನೆಯದೆಂದು ಎಲ್ಲರೆದುರು ಸಾರಿ, ತಾವೇ ಕೂಗಿದರು. ಅವರ ಮನೆ ಬೀದಿಯ ಆ ತುದಿ. ಅಲ್ಲಿಂದ ಇಲ್ಲಿಗೆ ಕೇಳಿಸಬೇಕಾದರೆ ಒಲೆಯ ಮೇಲೆ ರೈಲಿನ ಇಂಜಿನ್ನನ್ನೇ ಇಡಬೇಕಿತ್ತು. ನಾಗಭೂಷಣಯ್ಯನವರ ಗೋಡೆಗೆ ಅಂಟಿದ ಅಡುಗೆಮನೆ ನಮ್ಮದು. ಅಂದು ಕುಕ್ಕರಿನಲ್ಲಿ ಬೇಳೆ ಬೇಯಲಿಟ್ಟವರು ನಮ್ಮತ್ತೆ, ನನ್ನೆದುರಿಗೇ ಹೇಳಿದ್ದಾರೆ. ವಿಶಾಲಾಕ್ಷಿ ನಮ್ಮ ಮನೆಗೆ ಬಂದು ಕ್ಷಮೆ ಕೇಳಬೇಕು.