ಬರದೇ ಹೋದ ಒಂಬತ್ತು ಮಂದಿ

ಕಪಿಲಾ ನದಿಯ ದಡದ ಒಂದು ಸಣ್ಣ ಆಶ್ರಮದಲ್ಲಿ ಪರಮಶಿವಯ್ಯ ಎಂಬ ಮುದುಕರಿದ್ದರು. ಹಿಂದೆ ವೈದ್ಯಕೀಯ ಕಾಲೇಜಿನಲ್ಲಿ ದೊಡ್ಡ ಮೇಷ್ಟ್ರು. ಈಗ ಬೆಳಿಗ್ಗೆ ನಾಲ್ಕು ರೋಗಿಗಳನ್ನು ನೋಡುವುದು, ಮಧ್ಯಾಹ್ನ ಸುಮ್ಮನೆ ಕೂರುವುದು, ಇಷ್ಟೇ ಅವರ ಕೆಲಸ.

ಒಂದು ಮಧ್ಯಾಹ್ನ ಅವರ ಹಳೆಯ ಶಿಷ್ಯೆ ಡಾಕ್ಟರ್ ಮಂದಾಕಿನಿ ಬಂದಳು. ನೂರ ಎಂಬತ್ತು ಸಂಶೋಧನಾ ಪ್ರಬಂಧ ಬರೆದವಳು. ಬೇರೆ ಬೇರೆ ಡಾಕ್ಟರುಗಳು ತಮ್ಮ ಬರಹಗಳಲ್ಲಿ ಅವಳ ಪ್ರಬಂಧಗಳನ್ನು ಆರು ಸಾವಿರ ಸಲ ಉಲ್ಲೇಖಿಸಿದ್ದರು. ಆ ಲೋಕದಲ್ಲಿ ಮನುಷ್ಯರ ಎತ್ತರ ಅಳೆಯುವುದು ಹೀಗೆಯೇ. ರೋಗಿಗಳನ್ನು ಯಾರೂ ಕೇಳುವುದಿಲ್ಲ. ಮುಂದಿನ ತಿಂಗಳು ಅವಳು ತನ್ನ ಸಂಸ್ಥೆಗೆ ನಿರ್ದೇಶಕಿಯಾಗುವವಳಿದ್ದಳು.

ಗುರುಗಳ ಕಾಲಿಗೆ ನಮಸ್ಕರಿಸಿ, ಜಗುಲಿಯ ಕಂಬಕ್ಕೆ ಒರಗಿ ಕೂತಳು.

"ಸುಸ್ತಾಗಿದೆ ಗುರುಗಳೇ."

"ನನಗೂ ಅಷ್ಟೇ ಕಣಮ್ಮ. ಏನಾಯ್ತು?"

"ನಮ್ಮ ಮೊದಲನೇ ಪ್ರಬಂಧ ನೆನಪಿದೆಯಾ? ಶ್ವಾಸಕೋಶದ ಕಾಯಿಲೆಗೆ ಆರು ತಿಂಗಳು ಮಾತ್ರೆ ಬೇಡ, ನಾಲ್ಕೇ ತಿಂಗಳು ಸಾಕು ಅಂತ ಬರೆದದ್ದು."

"ನೆನಪಿದೆ. ನಿನಗೆ ಹೆಸರು ತಂದದ್ದೇ ಅದು."

"ಅದು ತಪ್ಪು."

ಗುರುಗಳು ಅವಳ ಕಡೆ ತಿರುಗಿ ಕೂತರು.

"ನಲವತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಕೊನೇ ತಪಾಸಣೆಗೆ ಬರಲೇ ಇಲ್ಲ. ವಾಸಿಯಾಗಿರಬೇಕು, ಅದಕ್ಕೇ ಬರ್ಲಿಲ್ಲ ಅಂದ್ಕೊಂಡೆ. ವಾಸಿಯಾದವರ ಪಟ್ಟಿಗೆ ಸೇರಿಸಿಬಿಟ್ಟೆ."

"ಇಷ್ಟು ವರ್ಷ ಆದ್ಮೇಲೆ ಹೇಗೆ ಗೊತ್ತಾಯ್ತು?"

"ಈ ಹುದ್ದೆಯ ಅರ್ಜಿ ತುಂಬೋಕೆ ಅಂತ ಹಳೇ ಕೇಸ್‌ಶೀಟುಗಳನ್ನ ತೆಗೆದೆ. ಆ ಒಂಬತ್ತು ಹೆಸರು ಕಂಡಾಗ ಮನಸ್ಸು ಚುಚ್ಚಿತು. ಊರೂರು ಹುಡುಕ್ಕೊಂಡು ಹೋದೆ. ಆರು ಮಂದಿ ಆ ವರ್ಷವೇ ತೀರ್ಕೊಂಡಿದ್ದರು. ಮೂವರು ಬದುಕಿದ್ದಾರೆ, ಇವತ್ತಿಗೂ ಕೆಮ್ಮು."

"ಆ ಪ್ರಬಂಧ ನಂಬಿ ಈಗಲೂ ನಾಲ್ಕು ತಿಂಗಳಿಗೇ ಮಾತ್ರೆ ನಿಲ್ಲಿಸೋ ಡಾಕ್ಟರುಗಳಿದ್ದಾರಾ?"

"ಇದ್ದಾರೆ."

"ಮತ್ತೆ ನನ್ನ ಹತ್ರ ಕೇಳೋಕೆ ಏನಿದೆ?"

"ಆ ಪ್ರಬಂಧ ವಾಪಸ್ ತಗೋಬೇಕು ಅಂತ ಗೊತ್ತು ಗುರುಗಳೇ. ಆದ್ರೆ ಆ ಆರು ಸಾವಿರ ಉಲ್ಲೇಖದಲ್ಲಿ ಅರ್ಧ ಅದೊಂದಕ್ಕೇ ಬಂದದ್ದು. ಹುದ್ದೆ ಹೋಗುತ್ತೆ. ಹೋಗಲಿ. ಅದರಲ್ಲಿ ನಿಮ್ಮ ಹೆಸರೂ ಇದೆಯಲ್ಲ?"

ಬರೆದವರು ಯಾರೇ ಇರಲಿ, ಪ್ರತಿ ಪ್ರಬಂಧದ ಕೊನೆಗೆ ವಿಭಾಗದ ಮುಖ್ಯಸ್ಥರ ಹೆಸರು ಸೇರಬೇಕು. ಅದು ಆ ಕಾಲೇಜಿನ ವಾಡಿಕೆ; ಆಗ ಮುಖ್ಯಸ್ಥರು ಪರಮಶಿವಯ್ಯನವರೇ.

"ನನ್ನ ಹೆಸರನ್ನ ನೆಪ ಮಾಡ್ಕೊಂಡು ಬಂದೆಯಾ?"

ಮಂದಾಕಿನಿ ತಲೆ ತಗ್ಗಿಸಿದಳು. ನಾಚಿಕೆಯಿಂದ ಕಣ್ಣು ತುಂಬಿತು.

"ಹೌದು. ನೀವು ಬೇಡ ಅಂದ್ರೆ ಸುಮ್ಮನಿದ್ದುಬಿಡಬಹುದು ಅನ್ನೋ ಆಸೆ."

"ನೀನು ಅದನ್ನ ತಂದ ದಿನ ನಾನು ಬಸ್ಸು ಹಿಡಿಯೋ ಅವಸರದಲ್ಲಿದ್ದೆ. ಸಹಿ ಹಾಕಿ ಕೊಟ್ಟೆ. ಬರದೇ ಹೋದವರು ಎಲ್ಲಿ ಹೋದ್ರಮ್ಮ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು."

"ನೀವು ಓದಲಿಲ್ವಾ?"

"ಇಲ್ಲ."

ಅವಳಿಗೆ ಸಿಟ್ಟು ಬಂತು. ಹದಿನೆಂಟು ವರ್ಷ ಆ ಸಹಿಯನ್ನೇ ಆಶೀರ್ವಾದ ಎಂದು ನಂಬಿದ್ದಳು. ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಿಟ್ಟಿಗೂ ತ್ರಾಣ ಬೇಕು.

ಗುರುಗಳು ಒಳಗೆ ಹೋಗಿ, ರೋಗಿಗಳಿಗೆ ಔಷಧಿ ಬರೆದುಕೊಡುವ ಕಾಗದ ತಂದರು. ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ತಾವೇ ಬರೆದರು: ಅದು ತಪ್ಪು, ವಾಪಸ್ ಪಡೆಯುತ್ತಿದ್ದೇವೆ, ಅದನ್ನು ನಂಬಿ ಯಾರೂ ಮಾತ್ರೆ ನಿಲ್ಲಿಸಬಾರದು. ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಸಹಿ ಹಾಕಿ ಪೆನ್ನನ್ನು ಅವಳ ಮುಂದೆ ಇಟ್ಟರು.

ಮಂದಾಕಿನಿ ಬಹಳ ಹೊತ್ತು ನದಿಯನ್ನೇ ನೋಡುತ್ತ ಕೂತಳು. ಗುರುಗಳು ಅವಸರ ಮಾಡಲಿಲ್ಲ.

ಕೊನೆಗೆ ಅವಳೂ ಸಹಿ ಹಾಕಿದಳು. ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು.

"ನಾಳೆಯೇ ಕಳಿಸ್ತೀನಿ. ಇದು ಮುಗೀತು. ಇನ್ನು ನನಗೇನು ಕೆಲಸ, ಗುರುಗಳೇ?"

"ಕೆಮ್ಮು ಇರೋ ಆ ಮೂವರಿಗೆ ಮತ್ತೆ ಯಾವತ್ತು ತಪಾಸಣೆಗೆ ಬರೋಕೆ ಹೇಳಿದೀಯ?"